ದಶಕ ಅಂದ್ರೆ ಬರೀ ಬೆಲ್‌ಬಾಟಮ್ಮಾ?

"ಮಾಮ, ನಿನ್ನ ಹತ್ರ ಹಳೇ ಕಾಲದ ಶರ್ಟ್ ಯಾವ್ದಾದ್ರೂ ಇದ್ಯಾ?"

ತಂಗಿ ಮಗಳ ಫೋನು. ಎಷ್ಟು ಹಳೇದು ಬೇಕಮ್ಮಾ ಅಂದೆ. "ತುಂಬಾ ಹಳೇದು ಮಾಮ. 2006, 2007ರ ಟೈಮಿಂದು" ಅಂದಳು! ಅವತ್ತು ರಾತ್ರಿ ಕನ್ನಡಿ ಮುಂದೆ ಸ್ವಲ್ಪ ಜಾಸ್ತಿ ಹೊತ್ತೇ ನಿಂತಿದ್ದೆ :)

ವಿಷಯ ಏನಪ್ಪಾ ಅಂದ್ರೆ, ಶಿವಮೊಗ್ಗದಲ್ಲಿ ಓದ್ತಿರೋ ಅವಳು ಮತ್ತು ಅವಳ ಸ್ನೇಹಿತರು ಕಾಲೇಜ್ ಡೇಗೆ ಒಂದು ಮ್ಯೂಸಿಕ್ ವಿಡಿಯೋ ಮಾಡಲು ಹೊರಟಿದ್ದರು. ಹಾಡು ಅವರದ್ದೇ. ಹಾಸ್ಟೆಲ್ ಹುಡುಗನೊಬ್ಬ ಬರೆದು ರಾಗ ಹಾಕಿದ್ದು, ಮೂರೂವರೆ ನಿಮಿಷ. ಅರವತ್ತರ ದಶಕದಿಂದ ಶುರುವಾಗಿ 2000ದ ದಶಕದವರೆಗೆ ಐದು ಕಾಲದ ಸಿನಿಮಾ ಕುಣಿತ. ಪಲ್ಲವಿ ಒಂದೇ, ಕಾಲ ಬದಲಾದಂತೆ ವಾದ್ಯ ಬದಲು: ಮೊದಲು ತಬಲಾ ಕೊಳಲು, ಆಮೇಲೆ ಬಾಂಗೋ, ಆಮೇಲೆ ಕೀಬೋರ್ಡು. ಐಡಿಯಾ ಚೆನ್ನಾಗಿತ್ತು. ನನ್ನನ್ನು ಕರೆದದ್ದು ಬರೀ ಶರ್ಟಿಗಲ್ಲ. ಹದಿನೈದು ವರ್ಷ ಮದುವೆ ವಿಡಿಯೋ ತೆಗೆದು, ಎಡಿಟ್ ಮಾಡಿ ಅನ್ನ ತಿಂದವನು ನಾನು.

ಕ್ಯಾಮೆರಾ ಅಂದರೆ ಮೊಬೈಲೇ. ಹಾಡು ಸ್ಪೀಕರಿನಲ್ಲಿ ಹಾಕುವುದು, ಕುಣಿಯುವುದು, ಸ್ಪೀಕರಿನ ಸದ್ದನ್ನೂ ಮೊಬೈಲಿನಲ್ಲೇ ಹಿಡಿದುಕೊಂಡು ಆಮೇಲೆ ಅದಕ್ಕೆ ಅಸಲಿ ಹಾಡನ್ನು ಹೊಂದಿಸುವುದು. ನಿಧಾನಗತಿಯ ದೃಶ್ಯ ಬೇಕಾದಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಸೆಕೆಂಡಿಗೆ 25ರ ಬದಲು 50 ಫ್ರೇಮ್ ತೆಗೆದೆವು. ಅರ್ಧ ವೇಗದಲ್ಲಿ ನೋಡುವಾಗ ತುಟಿ ಸರಿಯಾಗಿ ಕೂತಿರುತ್ತದೆ, ಸೆರಗು ಮಾತ್ರ ತೇಲುತ್ತದೆ. ಇದನ್ನು ತೋರಿಸಿಕೊಟ್ಟಾಗ ಹುಡುಗರ ಕಣ್ಣಲ್ಲಿ ನಾನು ಸ್ವಲ್ಪ ಹೊತ್ತು ದೊಡ್ಡ ಮನುಷ್ಯನಾಗಿದ್ದೆ.

ಜಗಳ ಶುರುವಾಗಿದ್ದು ಅರವತ್ತರ ದಶಕದಲ್ಲೇ. ಅವರ ಪ್ರಕಾರ ಅರವತ್ತು ಅಂದರೆ ಕಪ್ಪು ಬಿಳುಪು, ಮೇಲೆ ಗೀರು, ಚುಕ್ಕಿ, ನಡುಗುವ ಚಿತ್ರ. ಒಂದು ಫಿಲ್ಟರ್ ಒತ್ತಿದರೆ ಎಲ್ಲಾ ಬರುತ್ತದೆ. ನಾನು ಹೇಳಿದೆ, ನೋಡ್ರಪ್ಪಾ, ಪೂರ್ತಿ ವರ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ 'ಅಮರಶಿಲ್ಪಿ ಜಕಣಾಚಾರಿ', 1964ರದ್ದು. ಅದಾಗಿ ಐದು ವರ್ಷಕ್ಕೆ, 1969ರಲ್ಲಿ ಬಂದ 'ಗೆಜ್ಜೆಪೂಜೆ' ಕಪ್ಪು ಬಿಳುಪು. ಬಣ್ಣ ಒಂದು ದಿನ ಬೆಳಗಾಗೆದ್ದು ಬಂದಿದ್ದಲ್ಲ. ಇನ್ನು ಆ ಗೀರು? ಅದು ಆ ಕಾಲದ್ದಲ್ಲ. ಊರೂರು ಸುತ್ತಿ, ಪ್ರೊಜೆಕ್ಟರಿನಲ್ಲಿ ಸವೆದ ಪ್ರಿಂಟಿನದ್ದು. 1972ರಲ್ಲಿ 'ನಾಗರಹಾವು' ಮೊದಲ ವಾರ ನೋಡಿದವರಿಗೆ ಚಿತ್ರ ಫಳಫಳ ಹೊಳೆಯುತ್ತಿತ್ತು. ಫಿಲ್ಟರ್ ತೋರಿಸುತ್ತಿರುವುದು ದಶಕವನ್ನಲ್ಲ, ದಶಕದ ಮೇಲೆ ಆಮೇಲೆ ಕೂತ ಧೂಳನ್ನು.

ಎರಡನೇ ತಪ್ಪು ಕತ್ತರಿಯದ್ದು. ಸೀರೆ ಉಡಿಸಿ, ಎರಡು ಜಡೆ ಹಾಕಿ, ಸೆಕೆಂಡಿಗೊಂದು ಕಟ್ ಹೊಡೆದಿದ್ದರು. ನೋಡಿದರೆ ಇವತ್ತಿನ ರೀಲ್ಸೇ, ಅಜ್ಜಿ ಸೀರೆ ಉಟ್ಟುಕೊಂಡು ಬಂದ ಹಾಗಿತ್ತು. ಆ ಕಾಲದ ಬಹುಪಾಲು ನೃತ್ಯಗಳಲ್ಲಿ ಕ್ಯಾಮೆರಾ ದೂರ ನಿಲ್ಲುತ್ತದೆ. ತಲೆಯಿಂದ ಪಾದದವರೆಗೆ ಕಾಣಬೇಕು, ಹೆಜ್ಜೆ ಮುಗಿಯುವವರೆಗೆ ಕಾಯಬೇಕು. ಸರಿ, ಫ್ರೇಮನ್ನು ಹೆಚ್ಚುಕಡಿಮೆ ಚೌಕ ಮಾಡಿ (ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದಿದ್ದೇ 1977ರ 'ಸೊಸೆ ತಂದ ಸೌಭಾಗ್ಯ'ದಲ್ಲಿ) ಇಪ್ಪತ್ತೆರಡು ಸೆಕೆಂಡಿನ ಒಂದೇ ಶಾಟ್ ಇಟ್ಟೆವು. ಹದಿನಾಲ್ಕು ಟೇಕ್ ಆಯ್ತು! ಒಬ್ಬಳ ಹೆಜ್ಜೆ ತಪ್ಪಿದರೂ ಮೊದಲಿಂದ. ಹನ್ನೊಂದನೇ ಟೇಕಿಗೆ ತಂಗಿ ಮಗಳು ಕೂತುಬಿಟ್ಟಳು. "ಮಾಮ, ಆಗಿನೋರು ಹೆಂಗ್ ಮಾಡ್ತಿದ್ರೋ" ಅಂದಳು. ಆ ಒಂದು ಮಾತಿಗೆ ನನ್ನ ಪೆಟ್ರೋಲ್ ಖರ್ಚು ವಸೂಲಾಯಿತು ಅಂದುಕೊಂಡೆ.

ಆದರೆ ಎಂಬತ್ತರ ದಶಕಕ್ಕೆ ಬಂದಾಗ ನಾನೂ ಜಾರಿದೆ.

'ಪ್ರೇಮಲೋಕ'ದ ಕಾಲ, 1987. ಹೆಡ್‌ಬ್ಯಾಂಡು, ಜಾಕೆಟ್ಟು, ಕಾಲೇಜು, ಬೈಕು. ಕುಣಿಯುವ ಹುಡುಗ ಬೇಕಂತಲೇ ಬಾಯಿ ಸೊಟ್ಟ ಮಾಡಿ, ಸೊಂಟ ತಿರುಚಿ ಕುಣಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು, ನಾನೂ ನಕ್ಕೆ. ಕ್ಯಾಂಟೀನಿನಿಂದ ಟೀ ತಂದ ಅಣ್ಣ ಒಬ್ಬರು ಟ್ರೇ ಹಿಡಿದು ನೋಡುತ್ತಾ ನಿಂತಿದ್ದರು. ಯಾರೋ ಹೇಳಿದರು, ಅಣ್ಣ ಪ್ರಾಯದಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಇದೇ ಹಾಡುಗಳಿಗೆ ಡ್ಯಾನ್ಸ್ ಮಾಡ್ತಿದ್ರು ಅಂತ. ಹುಡುಗರು ಮುತ್ತಿಕೊಂಡರು, "ಅಣ್ಣಾ, ಒಂದೇ ಒಂದ್ ಸ್ಟೆಪ್ ತೋರ್ಸಿ!"

ಅವರು ಲೋಟ ಎಣಿಸುತ್ತಾ ಹೇಳಿದರು: "ಬೇಡ ಬಿಡ್ರಪ್ಪಾ. ನೀವು ನಗಾಕೆ ಮಾಡ್ತಿದೀರ. ನಾವು ನಗಾಕೆ ಮಾಡ್ತಿರ್ಲಿಲ್ಲ."

ಅಷ್ಟೇ. ಸಿಟ್ಟಿಲ್ಲ, ಏನಿಲ್ಲ. ಖಾಲಿ ಟ್ರೇ ತಗೊಂಡು ಹೋದರು.

ಅವತ್ತು ಯಾರಿಗೂ ಅದು ಅಷ್ಟಾಗಿ ನಾಟಲಿಲ್ಲ. ನನಗೆ ನಾಟಿದ್ದು ಮಾರನೇ ದಿನ, ತೊಂಬತ್ತರ ದಶಕದ ಸರದಿ ಬಂದಾಗ. ತಂಗಿ ಮಗಳು ಹೇಳಿದಳು, "ಮಾಮ, ಹಳೇ ಮದುವೆ ಕ್ಯಾಸೆಟ್ಟಲ್ಲಿ ಹೃದಯದೊಳಗೆ ಗಂಡು ಹೆಣ್ಣಿನ ಮುಖ ತಿರುಗುತ್ತಲ್ಲ, ಆ ಥರ ಚೀಪಾಗಿ ಹಾಕು. ಸಖತ್ ಕಾಮಿಡಿ ಆಗುತ್ತೆ."

ಆ ಹೃದಯಗಳನ್ನು ಹಾಕಿದವನು ನಾನೇ ಅಲ್ಲವಾ! ಬಾಡಿಗೆಗೆ ತಂದ ಮಿಕ್ಸರಿನ ಮುಂದೆ ರಾತ್ರಿಯೆಲ್ಲಾ ಕೂತು, ಮದುಮಗಳ ಮುಖ ಹೃದಯದ ನಡುವೆ ಸರಿಯಾಗಿ ಬರಬೇಕು ಅಂತ ಒದ್ದಾಡಿದವನು. ಕ್ಯಾಸೆಟ್ ಹಾಕಿ ತೋರಿಸಿದಾಗ ಎಷ್ಟೋ ಮನೆಗಳಲ್ಲಿ ತಾಯಂದಿರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದು ನೋಡಿದ್ದೇನೆ. ಅವತ್ತು ಅದು ಚೀಪ್ ಅಲ್ಲ, ಹೊಸದು. ನಮ್ಮ ಕೈಗೆ ಸಿಕ್ಕ ಅತ್ಯಂತ ಚೆಂದದ್ದು. ಕ್ಯಾಂಟೀನ್ ಅಣ್ಣ ಏನು ಹೇಳಿದ್ದರು ಅಂತ ಆಗ ಪೂರ್ತಿ ಅರ್ಥವಾಯಿತು.

ನನ್ನ ವಾದ ಇಷ್ಟೇ. ಪ್ರತಿ ದಶಕವೂ ತನ್ನ ಜನಕ್ಕೆ 'ಇವತ್ತು' ಆಗಿತ್ತು. ಅವರು ಹಳೇ ಕಾಲದಲ್ಲಿ ಬದುಕುತ್ತಿದ್ದೇವೆ ಅಂದುಕೊಂಡು ಬೆಲ್‌ಬಾಟಮ್ ಹಾಕಿಕೊಳ್ಳಲಿಲ್ಲ, ಚೆನ್ನಾಗಿ ಕಾಣುತ್ತೇವೆ ಅಂತ ಹಾಕಿಕೊಂಡರು. ಹಳೆಯದನ್ನು ತೆರೆಗೆ ತರುವವರು ಆ ನಂಬಿಕೆಯನ್ನು ಮೊದಲು ತರಬೇಕು, ಬಟ್ಟೆ ಆಮೇಲೆ. ಬಟ್ಟೆ ಮಾತ್ರ ತಂದರೆ ಅದು ಛದ್ಮವೇಷ ಸ್ಪರ್ಧೆ.

ಇದನ್ನೇ ಹುಡುಗರಿಗೂ ಹೇಳಿದೆ. "ನಗು ಬರದಿದ್ರೆ ಯಾರ್ ನೋಡ್ತಾರೆ ಮಾಮ?" ಅಂದಳು ಇವಳು. ನ್ಯಾಯವಾದ ಪ್ರಶ್ನೆಯೇ. ನಗಬಾರದು ಅಂತ ನಾನೂ ಹೇಳುವುದಿಲ್ಲ. ನಮ್ಮ ಹಳೇ ಆಲ್ಬಮ್ ನೋಡಿ ನಾವೇ ನಗುವುದಿಲ್ಲವೇ? ಆದರೆ ಅದು ನಮ್ಮವರನ್ನು ನೋಡಿ ಬರುವ ನಗು. ಮುಖ ಸೊಟ್ಟ ಮಾಡಿ ಬರಿಸುವ ನಗುವೇ ಬೇರೆ. ಅದರಲ್ಲಿ 'ನಾವು ಇವರಿಗಿಂತ ಜಾಣರು' ಅನ್ನುವ ಒಂದು ಚೂರು ಇರುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ನಿಮ್ಮ ರೀಲ್ಸ್ ಹೆಜ್ಜೆಗಳನ್ನು ಬಾಯಿ ಸೊಟ್ಟ ಮಾಡಿ ಕುಣಿಯುವವರು ಹುಟ್ಟಿಯೇ ಹುಟ್ಟುತ್ತಾರೆ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎಂಬತ್ತರ ಭಾಗವನ್ನು ಮತ್ತೆ ತೆಗೆದೆವು. ಅದೇ ಹುಡುಗ ಮೂರು ದಿನ ಹಳೇ ಹಾಡುಗಳನ್ನು ನೋಡಿ ನೋಡಿ ಹೆಜ್ಜೆ ಕಲಿತ. ಅಷ್ಟು ಸುಲಭ ಅಲ್ಲ ಅಂತ ಅವನೇ ಒಪ್ಪಿಕೊಂಡ. ತೊಂಬತ್ತರ ಹೃದಯವನ್ನು ನಾನೇ ಹಾಕಿದೆ, ಮೊದಲಿನಷ್ಟೇ ಶ್ರದ್ಧೆಯಿಂದ. ನನ್ನ ಶರ್ಟ್ ಮಾತ್ರ ಯಾರಿಗೂ ಆಗಲಿಲ್ಲ, ಅದು ಬೇರೆ ಕಥೆ. ಕಾಲೇಜ್ ಡೇ ದಿನ ಎಂಬತ್ತರ ಭಾಗಕ್ಕೆ ಒಂದಿಬ್ಬರು ನಕ್ಕರು, ಆಮೇಲೆ ಶಿಳ್ಳೆ ಬಿತ್ತು.

ಕ್ಯಾಂಟೀನ್ ಅಣ್ಣ ಅವತ್ತು ವ್ಯಾಪಾರದ ಗಡಿಬಿಡಿಯಲ್ಲಿದ್ದರು, ಬರಲಿಲ್ಲ. ಎರಡು ದಿನ ಬಿಟ್ಟು ಟೀಗೆ ಹೋದಾಗ ನಾನೂ ಏನೂ ಕೇಳಲಿಲ್ಲ. ಚಿಲ್ಲರೆ ಕೊಡುವಾಗ ಅವರೇ ಅಂದರು: "ಫೋನಲ್ಲಿ ನೋಡ್ದೆ ಸಾರ್. ಹೆಡ್‌ಬ್ಯಾಂಡ್ ಗಂಟು ಹಿಂದಕ್ಕೆ ಹಾಕ್ಸಿದೀರ. ಅದು ಪಕ್ಕಕ್ಕೆ ಬರ್ಬೇಕಿತ್ತು."

ನಿಮ್ಮ ಮನೆಯಲ್ಲೂ ಹೀಗೆ ಗಂಟು ಎಲ್ಲಿ ಬರಬೇಕು ಅಂತ ಗೊತ್ತಿರುವವರು ಯಾರಾದರೂ ಇದ್ದಾರಾ? ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ಫಿಲ್ಟರಿನಲ್ಲಿ ಅದು ಸಿಗುವುದಿಲ್ಲ.