ಎರಡು ವಂಶಾವಳಿಗಳ ನಡುವೆ ಬಿದ್ದವರು

ತಲೆಮಾರುಗಳ ಲೆಕ್ಕ ಬರೆದಿಡುವುದರಲ್ಲಿ ಇಂಗ್ಲಿಷರನ್ನೂ ಚೀನೀಯರನ್ನೂ ಮೀರಿಸಿದವರು ಕಡಿಮೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಚರ್ಚಿನಲ್ಲೂ ಬರೆದಿಡಬೇಕೆಂದು ಆಜ್ಞೆ ಮಾಡಿದ. 1837ರಲ್ಲಿ ಸರ್ಕಾರವೇ ನೋಂದಣಿಗೆ ಇಳಿಯಿತು. ಅಂದಿನಿಂದ ಮದುವೆಯ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಕಮ್ಮಾರನ ಮೊಮ್ಮಗಳಿಗೂ ಆ ಒಂದು ಹಾಳೆ ಸಿಕ್ಕಿದರೆ ಮುತ್ತಜ್ಜನವರೆಗೆ ದಾರಿ ತೆರೆದಂತೆ.

ಚೀನಾದಲ್ಲಿ ಇದು ಕುಲದ ಹಿರಿಯರ ಹೊಣೆ. ‘ಝುಪು’ ಎಂಬ ಕುಲಗ್ರಂಥ ನಮ್ಮ ಹೆಳವರ ಹೊತ್ತಗೆಯ ಹಾಗೆ ತಲೆಮಾರುಗಳನ್ನು ಪೋಣಿಸಿಕೊಂಡು ಬರುತ್ತದೆ. 2009ರಲ್ಲಿ ಪರಿಷ್ಕಾರಗೊಂಡ ಕನ್ಫ್ಯೂಷಿಯಸ್ ವಂಶದ ಗ್ರಂಥದಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಎಷ್ಟೋ ಮನೆತನಗಳಲ್ಲಿ ಪ್ರತಿ ತಲೆಮಾರಿಗೂ ಒಂದು ಅಕ್ಷರ ಮೊದಲೇ ನಿಗದಿಯಾಗಿರುತ್ತದೆ. ಆ ತಲೆಮಾರಿನ ಗಂಡುಮಕ್ಕಳ ಹೆಸರಿನಲ್ಲೆಲ್ಲ ಅದು ಬರಬೇಕು. ಒಂದೇ ಕುಲದ ಇಬ್ಬರು ಅಪರಿಚಿತರು ಹೆಸರು ಹೇಳಿಕೊಂಡರೆ ಸಾಕು, ವಯಸ್ಸು ಏನೇ ಇರಲಿ, ಯಾರು ಚಿಕ್ಕಪ್ಪ, ಯಾರು ಮಗ ಎಂದು ತಿಳಿದುಬಿಡುತ್ತದೆ.

ಹೆಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಎರಡೂ ಕಡೆ ಲೆಕ್ಕ ತಪ್ಪುತ್ತದೆ, ಅದೂ ವಿರುದ್ಧ ದಿಕ್ಕಿನಲ್ಲಿ. ಮದುವೆಯಾದ ಇಂಗ್ಲಿಷ್ ಹೆಣ್ಣಿಗೆ ಸ್ವಂತ ಹೆಸರು ಉಳಿಯುತ್ತದೆ, ತವರಿನ ಕುಲನಾಮ ಹೋಗುತ್ತದೆ. ಹಳೆಯ ಝುಪುಗಳಲ್ಲಿ ಸೊಸೆಯ ತವರಿನ ಕುಲನಾಮ ಉಳಿದು ಅವಳ ಸ್ವಂತ ಹೆಸರೇ ಕಾಣೆ. ಲೀ ಮನೆತನದ ಹೆಣ್ಣು ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ.

ಈ ಎರಡು ವ್ಯವಸ್ಥೆಗಳು ಒಂದೇ ಸಂಸಾರದಲ್ಲಿ ಕೂಡಿದರೆ ಏನಾಗುತ್ತದೆಂಬುದಕ್ಕೆ ಲಿವರ್‌ಪೂಲ್ ಸಾಕ್ಷಿ. 1866ರಲ್ಲಿ ಆಲ್ಫ್ರೆಡ್ ಹೋಲ್ಟನ ಬ್ಲೂ ಫನಲ್ ಹಡಗುಗಳು ಅಲ್ಲಿಂದ ಚೀನಾಕ್ಕೆ ಓಡಾಡತೊಡಗಿದವು. ಚೀನೀ ನಾವಿಕರು ಬಂದರಿನ ಪಿಟ್ ಸ್ಟ್ರೀಟ್ ಸುತ್ತ ನೆಲೆಸಿದರು, ಕೆಲವರು ಅಲ್ಲಿಯ ಹೆಣ್ಣುಗಳನ್ನೇ ಮದುವೆಯಾದರು. ಗುಮಾಸ್ತರು ಕಿವಿಗೆ ಬಿದ್ದದ್ದನ್ನು ಬರೆದುಕೊಂಡರು. ಒಂದೇ ಚೀನೀ ಅಕ್ಷರವನ್ನು ಬೀಜಿಂಗಿನವರು ‘ಚೆನ್’ ಎಂದರೆ ಕ್ಯಾಂಟನ್ನಿನವರು ‘ಚಾನ್’, ದಕ್ಷಿಣ ಫೂಜಿಯನ್‌ನವರು ‘ತಾನ್’ ಎನ್ನುತ್ತಾರೆ. ಇಂಗ್ಲಿಷ್ ಕಾಗದದಲ್ಲಿ ಅದು ಮೂರು ಕುಲವಾಯಿತು. ಅಕ್ಷರ ಗೊತ್ತಿಲ್ಲದಿದ್ದರೆ ಯಾವ ಝುಪುವನ್ನು ತೆರೆಯುವುದು? ಊರು ಗೊತ್ತಿಲ್ಲದಿದ್ದರೆ ಯಾವ ಹಳ್ಳಿಗೆ ಹೋಗುವುದು? ಅನೇಕರಿಗೆ ಗೋರಿಕಲ್ಲೇ ಗತಿ. ಇಂಗ್ಲಿಷಿನಲ್ಲಿ ಅಡ್ಡಾದಿಡ್ಡಿ ಕಾಗುಣಿತದ ಹೆಸರು ಕೆತ್ತಿದ ಕಲ್ಲಿನ ಮೇಲೆಯೇ ಚೀನೀ ಅಕ್ಷರಗಳಲ್ಲಿ ಸತ್ತವನ ಪ್ರಾಂತ್ಯ, ಜಿಲ್ಲೆ, ಹಳ್ಳಿ ಎಲ್ಲವೂ ಇರುವುದುಂಟು.

ಗೋರಿಯೂ ಇಲ್ಲದ ಅಪ್ಪಂದಿರ ಕತೆ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರಕು ಹಡಗುಗಳಲ್ಲಿ ಜೀವ ಒತ್ತೆಯಿಟ್ಟು ದುಡಿದ ಚೀನೀ ನಾವಿಕರು ಯುದ್ಧ ಮುಗಿದದ್ದೇ ತಡ ಬೇಡವಾದರು. 1945ರ ಅಕ್ಟೋಬರ್ 19ರಂದು ಗೃಹ ಇಲಾಖೆಯಲ್ಲಿ ಸಭೆ ನಡೆಯಿತು. ‘ಅನಪೇಕ್ಷಿತ’ ಚೀನೀ ನಾವಿಕರನ್ನು ಬಲವಂತವಾಗಿ ಸ್ವದೇಶಕ್ಕೆ ಕಳಿಸುವ ಕಡತ ತೆರೆಯಿತು. 1946ರೊಳಗೆ ಸುಮಾರು 2000 ಮಂದಿಯನ್ನು ಸಾಗಹಾಕಿದರು. ಹೆಂಡತಿ ಮಕ್ಕಳಿದ್ದವರೂ ಅವರಲ್ಲಿದ್ದರು. ಹೆಂಡತಿಯರು ಕಾನೂನಿನ ಬಾಗಿಲು ತಟ್ಟುವುದೂ ಕಷ್ಟವಾಗಿತ್ತು: ಚೀನೀಯನನ್ನು ಮದುವೆಯಾದ ತಪ್ಪಿಗೆ, 1948ರ ಪೌರತ್ವ ಕಾಯ್ದೆ ಬರುವವರೆಗೂ, ಹುಟ್ಟಿದೂರಿನಲ್ಲೇ ಅವರು ಪರದೇಶಿಗಳು. ಮಕ್ಕಳಲ್ಲಿ ಕೆಲವರು ದತ್ತು ಹೋದರು, ಕೆಲವರು ಮಲತಂದೆಯ ಹೆಸರು ಹೊತ್ತರು. ಕುಲನಾಮದ ಜಾಡು ಅಲ್ಲಿಗೆ ಕಡಿಯಿತು.

ವಂಶ ಹುಡುಕುವುದು ಪುರುಸೊತ್ತಿದ್ದವರ ಹವ್ಯಾಸವೆಂದು ನಗುವವರಿದ್ದಾರೆ. ರಾಜವಂಶದ ನಂಟು ಹುಡುಕುವವರ ಬಗ್ಗೆ ನಗಲಿ, ಅಡ್ಡಿಯಿಲ್ಲ. ಲಿವರ್‌ಪೂಲಿನ ಈ ಮಕ್ಕಳು ಹುಡುಕಿದ್ದು ಅಂಥದ್ದನ್ನಲ್ಲ. ಅಪ್ಪ ತಾನಾಗಿಯೇ ಬಿಟ್ಟುಹೋದನೆಂದು ಎಷ್ಟೋ ತಾಯಂದಿರು ನಂಬಿದ್ದರು, ಮಕ್ಕಳೂ ಅದನ್ನೇ ಕೇಳಿ ಬೆಳೆದರು. ಪತ್ರಾಗಾರದ ಕಡತ ಬಿಚ್ಚಿಕೊಂಡ ಮೇಲೆ ನಿಜ ಗೊತ್ತಾಯಿತು. 2006ರಲ್ಲಿ ಬಂದರಿನ ಪಿಯರ್ ಹೆಡ್‌ನಲ್ಲಿ ಆ ನಾವಿಕರ ನೆನಪಿಗೆ ಫಲಕ ಬಂತು. 2022ರಲ್ಲಿ ಗೃಹ ಇಲಾಖೆಯ ತನಿಖಾ ವರದಿಯೇ ಬಲವಂತ ನಡೆದದ್ದನ್ನು ಒಪ್ಪಿತು. ಹಲವರಿಗೆ ಅಪ್ಪನ ಹಳ್ಳಿ ಇನ್ನೂ ಸಿಕ್ಕಿಲ್ಲ, ಕುಲದ ಅಕ್ಷರವೂ ತಿಳಿದಿಲ್ಲ. ಆದರೆ ಅಪ್ಪ ಕೈಬಿಟ್ಟವನಲ್ಲ, ಅವನನ್ನು ಕಿತ್ತೊಯ್ದರು ಎಂಬುದು ಗೊತ್ತಾಗಿದೆ. ಎಪ್ಪತ್ತು ತಲೆಮಾರಿನ ವಂಶವೃಕ್ಷ ಇದ್ದವರಿಗೂ ಇಷ್ಟು ದೊಡ್ಡ ಆಸ್ತಿ ಸಿಕ್ಕಿರಲಾರದು.