ಆಟದ ಪೀರಿಯಡ್ಡಿಗಾದರೂ ಸೇರಿಸಿಕೊಳ್ಳಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ಮಗಳನ್ನು ಮನೆಯಲ್ಲೇ ಓದಿಸುತ್ತಿರುವ ತಾಯಿ ನಾನು. ಪಾಠ, ಪರೀಕ್ಷೆಯ ವಿಷಯದಲ್ಲಿ ನಿಮ್ಮಿಂದ ಏನೂ ಬೇಕಿಲ್ಲ. 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ನಾನು ಕೇಳುತ್ತಿರುವುದು ಜೊತೆಗಾರರನ್ನು.

ಶಾಲೆಗೆ ಹೋಗದ ಮಗು ನಾಲ್ಕು ಜನರ ಜೊತೆ ಬೆರೆಯೋದು ಹೇಗೆ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ನಮ್ಮ ಬಳಿ ಉತ್ತರ ಸಿದ್ಧ: ಈಜು, ಸಂಗೀತ, ವಾರಕ್ಕೊಮ್ಮೆ ಪಾರ್ಕಿನಲ್ಲಿ ಭೇಟಿ. ಆದರೆ ಆ ಪಾರ್ಕಿಗೆ ಬರುವವರು ಯಾರು? ನಮ್ಮಂತೆಯೇ ಯೋಚಿಸುವ, ನಮ್ಮಷ್ಟೇ ಅನುಕೂಲವಿರುವ ಮನೆಗಳ ಮಕ್ಕಳು. ಇಬ್ಬರಲ್ಲಿ ಮನಸ್ತಾಪ ಬಂದರೆ ತಾಯಂದಿರು ತಕ್ಷಣ ನಡುವೆ ಬಂದಿರುತ್ತಾರೆ. ತೀರಾ ಹೆಚ್ಚಾದರೆ ಮುಂದಿನ ವಾರ ಒಂದು ಮನೆಯವರು ಬರುವುದೇ ಇಲ್ಲ. ಹಿಡಿಸದವನ ಪಕ್ಕದಲ್ಲಿ ನಾಳೆಯೂ ಕೂರಲೇಬೇಕು ಎಂದಿಲ್ಲದ ಕಡೆ ಮಗು ರಾಜಿಯಾಗುವುದನ್ನು ಕಲಿಯುವುದಾದರೂ ಯಾಕೆ? ಕೋಪಕ್ಕೊಂದು, ದುಃಖಕ್ಕೊಂದು ಬಣ್ಣದ ಕಾರ್ಡು ಕೊಟ್ಟು ಭಾವನೆ ಕಲಿಸುವ ಶಿಬಿರಗಳು ಬಂದಿವೆ. ಅವರ ಫೀಜು ಕೇಳಿದರೆ ಮೊದಲು ಕೋಪದ ಕಾರ್ಡು ಎತ್ತುವವರು ಅಪ್ಪ ಅಮ್ಮಂದಿರೇ.

ಶಾಲೆಯಲ್ಲಿ ಇದೆಲ್ಲ ತಾನಾಗಿ ಬರುತ್ತದೆ ಎಂದೂ ಹೇಳುತ್ತಿಲ್ಲ. ಗೇಲಿ ತಾಳಲಾರದೆ ಶಾಲೆ ಬಿಟ್ಟ ಮಕ್ಕಳೂ ನಮ್ಮ ನಡುವೆ ಇದ್ದಾರೆ.

ಆದರೂ ಒಟ್ಟಿಗೆ ಆಡುವಾಗ ಇದು ಅಭ್ಯಾಸವಾಗುತ್ತದೆ. ಖೊಖೊ ಆಟವನ್ನೇ ನೋಡಿ. ಎಂಟು ಮಕ್ಕಳು ಒಬ್ಬರು ಆಚೆ, ಒಬ್ಬರು ಈಚೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನು ತಟ್ಟಿ 'ಖೊ' ಅನ್ನುವ ತನಕ ಎಷ್ಟೇ ಚಡಪಡಿಕೆಯಿದ್ದರೂ ಏಳುವಂತಿಲ್ಲ. ಬೆನ್ನಟ್ಟುವವಳು ತಪ್ಪು ಮಾಡಿದರೆ ಸಿಟ್ಟು ಬರುತ್ತದೆ, ಆದರೂ ಮುಂದಿನ ಸರದಿಯಲ್ಲಿ ಅವಳ 'ಖೊ'ಗೇ ಕಾಯಬೇಕು. ಯಾವ ಶಿಬಿರದಲ್ಲಿ ಇದು ಸಿಗುತ್ತದೆ? ಆದರೆ ನಿಮ್ಮ ಇಲಾಖೆಯ ಕ್ರೀಡಾಕೂಟಕ್ಕಾಗಲಿ, ಪ್ರತಿಭಾ ಕಾರಂಜಿಗಾಗಲಿ ಹೆಸರು ಶಾಲೆಯ ಮೂಲಕವೇ ಹೋಗಬೇಕು.

6ರಿಂದ 14 ವರ್ಷದವರ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯ್ದೆ ಹೋಮ್‌ಸ್ಕೂಲಿಂಗ್ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಬಂದವರಿಗೆ ಏನು ಹೇಳಬೇಕೋ ತಿಳಿಯದೆ ನಾವು ತಡವರಿಸುತ್ತೇವೆ.

ಕಾಯ್ದೆ ತಿದ್ದುವುದು ನಿಮ್ಮೊಬ್ಬರ ಕೈಯಲ್ಲಿಲ್ಲ, ಸುತ್ತೋಲೆ ಹೊರಡಿಸುವುದು ಇದೆ. ಮನೆಯಲ್ಲಿ ಓದುವ ಮಗು ಹತ್ತಿರದ ಸರ್ಕಾರಿ ಶಾಲೆಯ ಆಟದ ಪೀರಿಯಡ್ಡಿಗೆ ಬರಬಹುದು, ಆ ಶಾಲೆಯ ಹೆಸರಿನಲ್ಲೇ ಆಡಬಹುದು, ಹಾಡಬಹುದು ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಬರೆಯಿರಿ. ಬದಲಿಗೆ ನಮ್ಮ ಹೆಸರು ದಾಖಲಾಗಲಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ವರ್ಷಕ್ಕೊಮ್ಮೆ ಮನೆಗೆ ಬಂದು ಮಗುವನ್ನು ಮಾತಾಡಿಸಲಿ. ಇದು ನಮ್ಮ ಕೆಲವು ಗೆಳೆಯರಿಗೆ ಹಿಡಿಸದು, ನನಗೆ ಒಪ್ಪಿಗೆ. ಪ್ರತಿಭಾ ಕಾರಂಜಿಯ ಕ್ಲಸ್ಟರ್ ಸ್ಪರ್ಧೆಗಳಿಗೆ ಮುಂಚೆ ಸುತ್ತೋಲೆ ಹೊರಟರೆ ಈ ವರ್ಷವೇ ಒಂದಷ್ಟು ಮಕ್ಕಳು ಸೇರಿಕೊಳ್ಳುತ್ತಾರೆ.

ಇಂತಿ,
ಒಬ್ಬ ತಾಯಿ, ಮೈಸೂರು