ಜೀಪು ಭಾವನದು, ಇಂಜಿನ್ ಯಾರದು?

ಕೊಪ್ಪದ ಹತ್ತಿರ ನನ್ನ ಭಾವನ ಅಡಿಕೆ ತೋಟವಿದೆ. ತೋಟಕ್ಕಿಂತ ಅವರಿಗೆ ಜೀಪಿನ ಮೇಲೇ ಪ್ರೀತಿ ಹೆಚ್ಚು ಎಂದು ಅಕ್ಕ ಗೊಣಗುವುದುಂಟು. ಹಳೆಯ ಮಹೀಂದ್ರ ಜೀಪು. ಕೊಂಡಾಗ ಅದು ಪೆಟ್ರೋಲ್ ಗಾಡಿ. ಏರು ಹತ್ತುವಾಗ ಅದು ಪೆಟ್ರೋಲ್ ಕುಡಿಯುವ ಚಂದ ನೋಡಿ ಬೇಸತ್ತ ಭಾವ, ಶಿವಮೊಗ್ಗದ ಗುಜರಿಯಿಂದ ಡೀಸೆಲ್ ಇಂಜಿನ್ ತಂದು ಕೂರಿಸಿದರು. ಆಮೇಲೆ ಅಗಲದ ಟೈರು, ಮುಂದೆ ಕಬ್ಬಿಣದ ಗಾರ್ಡು, ಮೇಲೆ ತಗಡಿನ ಟಾಪು ಬಂದವು. ಆ ಸೀಮೆಯಲ್ಲಿ ಕಂಪನಿಯಿಂದ ಬಂದ ಹಾಗೇ ಉಳಿದಿರುವ ಹಳೇ ಜೀಪು ಹುಡುಕಿದರೂ ಸಿಗುವುದು ಕಷ್ಟ ಬಿಡಿ.

2005ರ ಮಳೆಗಾಲದಲ್ಲಿ ಒಂದು ಸಂಜೆ ಕೆಸರಿನ ತಿರುವಿನಲ್ಲಿ ಜಾರಿದ ಜೀಪು ಧರೆಯಿಂದ ಕೆಳಗೆ ಉರುಳಿತು. ದೇವರು ದೊಡ್ಡವನು, ಭಾವ ಮತ್ತು ತೋಟದ ಆಳು ತರಚುಗಾಯದಲ್ಲಿ ಪಾರಾದರು. ಭಾವನಿಗೆ ಚಿಂತೆಯೇನೂ ಇರಲಿಲ್ಲ. ಹಳೇ ಗಾಡಿಯಾದರೂ ವರ್ಷ ವರ್ಷವೂ ತಪ್ಪದೆ ಪೂರ್ತಿ ವಿಮೆ ಮಾಡಿಸುತ್ತಿದ್ದವರು ಅವರು.

ಸರ್ವೇಯರ್ ಬಂದರು. ಕಾಫಿ ಕುಡಿದರು. ಬಾನೆಟ್ ಎತ್ತಿ, ಬಟ್ಟೆಯಲ್ಲಿ ಮಸಿ ಒರೆಸಿ ಇಂಜಿನ್ ನಂಬರ್ ಬರೆದುಕೊಂಡರು. ಆರ್‌ಸಿ ಪುಸ್ತಕ ನೋಡಿದರು, ಮತ್ತೆ ಇಂಜಿನ್ ನೋಡಿದರು. “ಯಜಮಾನ್ರೇ, ಈ ಇಂಜಿನ್ ನಮ್ಮ ಪಾಲಿಸೀಲಿ ಇಲ್ವಲ್ಲ?” ಎಂದರು.

“ಜಾರಿದ್ದು ರಸ್ತೆ ಸ್ವಾಮಿ, ಇಂಜಿನ್ ಅಲ್ಲ” ಎಂಬುದು ಭಾವನ ವಾದ. ತಿಂಗಳೊಪ್ಪತ್ತಿನಲ್ಲಿ ಕಂಪನಿಯಿಂದ ಇಂಗ್ಲಿಷಿನ ಎರಡು ಸಾಲಿನ ಕಾಗದ ಬಂತು. ಕ್ಲೇಮು ತಿರಸ್ಕೃತ. ಮಗಳ ಕಾಲೇಜಿಗೆಂದು ಎತ್ತಿಟ್ಟಿದ್ದ ಆ ವರ್ಷದ ಅಡಿಕೆ ದುಡ್ಡು ಗ್ಯಾರೇಜಿನ ಪಾಲಾಯಿತು. ಫೀಸಿಗೆ ಸಾಲ ಮಾಡಬೇಕಾಯಿತು.

ಆಗ ನನಗೂ ಕಂಪನಿಯ ಮೇಲೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಸಿಟ್ಟು ಅರ್ಧ ಇಳಿದಿದೆ. ವಿಮೆಯೆಂಬುದು ನಂಬಿಕೆಯ ಮೇಲಿನ ಕರಾರು. ನಾವು ಹೇಳಿದ ಗಾಡಿಗೆ ಅವರು ಕಂತು ಲೆಕ್ಕ ಹಾಕುತ್ತಾರೆ. ಅವರ ಪಾಲಿಸಿಯಲ್ಲಿದ್ದ ಪೆಟ್ರೋಲ್ ಜೀಪು ಹಳ್ಳಕ್ಕೆ ಬಿದ್ದೇ ಇರಲಿಲ್ಲವಲ್ಲ! ಇಳಿಯದ ಅರ್ಧ ಸಿಟ್ಟು ಏತಕ್ಕೆಂದರೆ, ಅಷ್ಟು ವರ್ಷ ಕಂತು ತೆಗೆದುಕೊಳ್ಳುವಾಗ ಯಾರೊಬ್ಬರೂ ಬಾನೆಟ್ ಎತ್ತಿ ನೋಡಿರಲಿಲ್ಲ.

ಕಾನೂನು ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇಂಧನ ಬದಲಿಸುವ ಕಿಟ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು, ಷರತ್ತಿನ ಮೇಲೆ. ಅನುಮತಿ ಪಡೆದು ಬದಲಾಯಿಸಿದರೂ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮವಾದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೆ ಎರಡೂ ಎಂದಾಯಿತು.

ಇದರರ್ಥ ಗಾಡಿಗೆ ಏನನ್ನೂ ಸೇರಿಸಬಾರದು ಅಂತಲ್ಲ. ಗ್ಯಾಸ್ ಕಿಟ್ ಹಾಕಿಸುತ್ತೀರಾ? ಮಾನ್ಯತೆಯಿರುವ ಕಡೆ ಹಾಕಿಸಿ, ಆರ್‌ಸಿಯಲ್ಲಿ ನಮೂದಿಸಿ, ವಿಮೆಯಲ್ಲಿ ಸೇರಿಸಿ. 2002ರ ಮೋಟಾರು ದರಪಟ್ಟಿಯಲ್ಲಿ ಕಿಟ್ಟಿನ ಬೆಲೆಯ ಶೇ. 4ರಷ್ಟು ಹೆಚ್ಚುವರಿ ಕಂತು ಎಂದಿತ್ತು. ದುಬಾರಿ ಸ್ಟೀರಿಯೋದಂಥ ಎಲೆಕ್ಟ್ರಾನಿಕ್ ಸಾಮಾನಿಗೂ ಅಷ್ಟೇ. 2007ರಿಂದ ಸ್ವಂತ ಗಾಡಿಯ ನಷ್ಟದ ವಿಮೆಗೆ ದರವನ್ನು ಕಂಪನಿಗಳೇ ಗೊತ್ತುಮಾಡುತ್ತವೆ. ಕೇಳಿ ತಿಳಿಯಿರಿ, ಬಿಲ್ ಕೊಡಿ, ಪಾಲಿಸಿಯಲ್ಲಿ ಅಚ್ಚಾಗಿದೆಯೇ ನೋಡಿ. ಏಜೆಂಟರು “ಆಯ್ತು ಸಾರ್” ಅಂದರೆ ಸಾಲದು.

ಅದೇ ದರಪಟ್ಟಿಯಲ್ಲಿ ಒಂದು ಒಳ್ಳೆಯ ಮಾತೂ ಇತ್ತು. ಪೋಲಿಯೋದಿಂದ ಒಂದು ಕಾಲು ಸೋತ ನನ್ನ ಸಹೋದ್ಯೋಗಿಯೊಬ್ಬರು ಕ್ಲಚ್ಚು, ಬ್ರೇಕು ಎಲ್ಲವನ್ನೂ ಕೈಗೆ ಬರುವಂತೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಿದ್ದರು. ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಸ್ವಂತ ನಷ್ಟದ ಕಂತಿನಲ್ಲಿ ಶೇ. 50 ರಿಯಾಯಿತಿ ಇತ್ತು. ಕೌಂಟರಿನ ಗುಮಾಸ್ತರಿಗೇ ಅದು ಗೊತ್ತಿರಲಿಲ್ಲ. ಇವರು ಪುಸ್ತಕ ತೆಗೆಸಿ, ಪುಟ ತೋರಿಸಿ, ರಿಯಾಯಿತಿ ಪಡೆದೇ ಎದ್ದರು.

ಭಾವನ ಜೀಪು ಉರುಳುವಾಗ ದಾರಿಹೋಕನೊಬ್ಬ ಸಿಕ್ಕಿದ್ದರೆ? ಮೂರನೆಯವರಿಗೆ ಪರಿಹಾರ ಕೊಡದಿರಲು ಕಂಪನಿ ಹೇಳಬಹುದಾದ ಕಾರಣಗಳನ್ನು ಕಾಯಿದೆ ಕೆಲವಕ್ಕೇ ಸೀಮಿತಗೊಳಿಸಿದೆ. ಆದರೆ ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ಪಡೆದಿದ್ದಾರೆ ಎಂಬುದೂ ಅವುಗಳಲ್ಲೊಂದು. ತೋಟ ಮಾರಬೇಕಾಗಿ ಬಂದರೂ ಬರುತ್ತಿತ್ತು. ಆ ಮಾತನ್ನು ಭಾವನೆದುರು ನಾನು ಆಡಿಲ್ಲ.

ಕ್ಲೇಮು ತಿರಸ್ಕಾರವಾದವರು ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನಲ್ಲಿ ಕಚೇರಿಯಿದೆ, ಶುಲ್ಕವಿಲ್ಲ. ಭಾವ ಹೋಗಲಿಲ್ಲ. ಹೋದರೆ ಇಂಜಿನ್ನಿನ ಬಿಲ್ ಕೇಳುತ್ತಾರೆ, ಗುಜರಿಯವನು ಬಿಲ್ ಕೊಟ್ಟಿದ್ದರೆ ತಾನೆ!

ಮೊನ್ನೆ ಅಳಿಯ ಫೋನ್ ಮಾಡಿದ್ದ. ಹೊಸ ಥಾರ್ ಕೊಂಡಿದ್ದಾನೆ. “ಮಾವ, ದೊಡ್ಡ ಟೈರು ಹಾಕ್ಸಿ ಸ್ವಲ್ಪ ಎತ್ತರ ಮಾಡಿಸ್ಬೇಕು ಅಂತಿದೀನಿ, ಅಪ್ಪಯ್ಯ ಕೀ ಕೊಡ್ತಿಲ್ಲ, ನೀವೊಂದು ಮಾತು ಹೇಳಿ” ಎಂದ. ಫೋನನ್ನು ಭಾವನಿಗೇ ಕೊಡು ಎಂದೆ. ಆ ಕಡೆಯಿಂದ ಅವರು ಕೇಳಿದ್ದು ಒಂದೇ: “ಆ ಸರ್ವೇಯರ್ ಈಗ ಎಲ್ಲಿದಾನೆ, ಗೊತ್ತುಂಟಾ?”